ಧಾರಾವಾಹಿ ಮುಗಿದ ಮೇಲಿನ ಮಾತು



1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿ ಶುರುವಾಯಿತು. ಬರೆದವರು ಮನೋಹರ ಶ್ಯಾಮ್ ಜೋಶಿ. ಇವತ್ತು ಮನೆಮನೆಯಲ್ಲೂ ನೋಡುವ ಟಿವಿ ಧಾರಾವಾಹಿಗೆ ನಮ್ಮ ದೇಶದಲ್ಲಿ ದಾರಿ ಹಾಕಿಕೊಟ್ಟದ್ದು ಅದು. ಕುಟುಂಬ ಯೋಜನೆ, ಹೆಣ್ಣುಮಕ್ಕಳ ಸ್ಥಾನಮಾನ ಮೊದಲಾದ ವಿಚಾರಗಳನ್ನು ಕಥೆಯಲ್ಲಿ ಬೆರೆಸಿ ಜನರಿಗೆ ಮುಟ್ಟಿಸಬೇಕೆಂಬ ಉದ್ದೇಶ ಅದರ ಹಿಂದಿತ್ತು. ಮೆಕ್ಸಿಕೋದಲ್ಲಿ ಆಗಲೇ ಮಾಡಿ ನೋಡಿದ್ದ ಕ್ರಮವೊಂದನ್ನು ಇದಕ್ಕಾಗಿ ಆರಿಸಿಕೊಂಡಿದ್ದರು. ಒಳ್ಳೆಯ ನಡತೆಗೆ ಒಂದು ಪಾತ್ರ, ಕೆಟ್ಟ ನಡತೆಗೆ ಒಂದು ಪಾತ್ರ. ನೋಡುವವರು ಒಳ್ಳೆಯದನ್ನು ಹಿಡಿದು ಕೆಟ್ಟದ್ದನ್ನು ಬಿಡುತ್ತಾರೆ ಎಂಬ ಲೆಕ್ಕ.

ಆ ಧಾರಾವಾಹಿಯಲ್ಲಿ ಭಾಗವಂತಿ ಎಂಬ ತಾಯಿ ಇದ್ದಳು. ಕುಡುಕ ಗಂಡ, ಚುಚ್ಚಿ ಮಾತಾಡುವ ಅತ್ತೆ, ಬೆಳೆದು ನಿಂತ ಮಕ್ಕಳು. ಎಲ್ಲವನ್ನೂ ನುಂಗಿಕೊಂಡು ಬದುಕುವವಳು. ಹೀಗೆ ತಗ್ಗಿ ಬಗ್ಗಿ ಬಾಳಬೇಡಿ ಎಂದು ತೋರಿಸಲಿಕ್ಕೇ ಆ ಪಾತ್ರವನ್ನು ಕಟ್ಟಿದ್ದರು. ಆಮೇಲೆ ಸಂಶೋಧಕರು ನೋಡುಗರನ್ನು ಕೇಳಿದಾಗ ಗೊತ್ತಾದದ್ದು ಬೇರೆ: ಬಹಳಷ್ಟು ಜನ, ಅದರಲ್ಲೂ ಹೆಂಗಸರು, ಭಾಗವಂತಿಯನ್ನೇ ಮಾದರಿ ಎಂದು ಆರಿಸಿಕೊಂಡಿದ್ದರು. ಜನ ತಪ್ಪು ತಿಳಿದರು ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಇಡೀ ಮನೆ ಕುಸಿಯದಂತೆ ಹೆಗಲು ಕೊಟ್ಟು ನಿಂತ ಒಬ್ಬಳನ್ನು ಅವರು ಗುರುತಿಸಿದರು. ಬರೆದವರು ಅವಳ ಸೋಲನ್ನು ಕಂಡರು. ನೋಡಿದವರು ಅವಳ ದುಡಿಮೆಯನ್ನು ಕಂಡರು. ಪ್ರತಿ ಸಂಚಿಕೆಯ ಕೊನೆಗೆ ಬಂದು ಮಾತಾಡುತ್ತಿದ್ದ ನಟ ಅಶೋಕ್ ಕುಮಾರ್ ಅವರಿಗೆ ಲಕ್ಷಗಟ್ಟಲೆ ಕಾಗದ ಬಂದವು. ಭಾಗವಂತಿಯ ಹಿರಿಮಗಳು ಬಡ್ಕಿ ಡಾಕ್ಟರನ್ನು ಮದುವೆಯಾಗಬೇಕೋ ಬೇಡವೋ ಎಂದು ದೇಶಕ್ಕೆ ದೇಶವೇ ಬುದ್ಧಿ ಹೇಳಿತು.

ನಾನು ಇವತ್ತು ಮಾತಾಡಬೇಕೆಂದಿರುವುದು ಈ ಬುದ್ಧಿ ಹೇಳುವಿಕೆಯ ಬಗ್ಗೆ. ಧಾರಾವಾಹಿ ನೋಡಿ ಹೆಂಗಸರು ಆಡುವ ಮಾತನ್ನು ಕಾಡುಹರಟೆ ಎಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ಆ ಮಾತನ್ನು ಕಿವಿಗೊಟ್ಟು ಕೇಳಿದರೆ ಅದು ವಿಮರ್ಶೆ. ಕಥೆಯನ್ನು, ಪಾತ್ರವನ್ನು, ನ್ಯಾಯವನ್ನು ತೂಗಿ ನೋಡುವ ವಿಮರ್ಶೆ.

ನಮಗೆ ಇದು ಹೊಸತೇನಲ್ಲ. ಕರಾವಳಿಯ ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ‘ವಾಲಿವಧೆ’ಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಇಂಥ ಪಾತ್ರಗಳಿಗೆ ಕೂತರೆ ಸಭೆಯ ಮನಸ್ಸು ಅತ್ತಿಂದಿತ್ತ ಓಲಾಡುತ್ತಿತ್ತು. ಮಾರನೆಯ ದಿನ ಅಂಗಡಿ ಜಗಲಿಯಲ್ಲಿ, ಹೋಟೆಲಿನಲ್ಲಿ ಚರ್ಚೆ ಮುಂದುವರಿಯುತ್ತಿತ್ತು. ರಾಮನನ್ನು ದೇವರೆಂದು ಪೂಜಿಸುವವರೇ ರಾಮನ ನಡೆಯನ್ನು ಪ್ರಶ್ನಿಸುತ್ತಿದ್ದರು. ಅದನ್ನು ಯಾರೂ ಕಾಡುಹರಟೆ ಎನ್ನಲಿಲ್ಲ. ವಾರಪತ್ರಿಕೆಗಳ ಕಾಲದಲ್ಲೂ ಹಾಗೆಯೇ. 1965ರಲ್ಲಿ ‘ಸುಧಾ’ ಬಂದ ಮೇಲೆ ವಾರವಾರ ಕಾದಂಬರಿ ಓದುವುದು ಎಷ್ಟೋ ಮನೆಗಳಲ್ಲಿ ನಿಯಮವಾಯಿತು. ನಾಯಕಿಗೆ ಹೀಗೇಕೆ ಮಾಡಿದಿರಿ ಎಂದು ಲೇಖಕರಿಗೆ ಬರೆದವರೂ ಇದ್ದರು. ಟಿವಿಯ ನೋಡುಗರು ಈ ಪರಂಪರೆಗೆ ಸೇರಿದವರು.

ಈಗ ಅವರ ಮಾತನ್ನೇ ಸ್ವಲ್ಪ ಹತ್ತಿರದಿಂದ ಕೇಳೋಣ. ಮೈಸೂರಿನ ಒಂದು ವಠಾರ. ಸಂಜೆಯ ಹೊತ್ತು ಜಗಲಿಯ ಮೇಲೆ ಕೂತು ಹೆಂಗಸರು ಅಂಗಡಿಯವನು ಕೊಟ್ಟುಹೋದ ಮಲ್ಲಿಗೆ, ಕನಕಾಂಬರ ಕಟ್ಟುತ್ತಾರೆ. ಮಾರಿಗಿಷ್ಟು ಎಂದು ಕೂಲಿ. ಬೆರಳು ನಾರನ್ನು ಸುತ್ತಿ ಗಂಟು ಹಾಕುತ್ತಲೇ ಇರುತ್ತದೆ, ಬಾಯಿ ಹಿಂದಿನ ರಾತ್ರಿಯ ಸಂಚಿಕೆಯ ಮೇಲಿರುತ್ತದೆ.

“ಅಲ್ಲ ಕಣ್ರೀ, ಆ ಹುಡುಗಿಗೆ ಎಲ್ಲಾ ಗೊತ್ತಿದೆ. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಂತೆ?”

“ಹೇಳಿಬಿಟ್ರೆ ನಾಳೆಗೇ ಮುಗ್ದೋಗುತ್ತಲ್ಲಕ್ಕ.”

ಈ ಎರಡು ಸಾಲಿನಲ್ಲಿ ಇಂದಿನ ಧಾರಾವಾಹಿಗಳ ದೊಡ್ಡ ಕೊರತೆ ಪೂರ್ತಿ ಅಡಗಿದೆ. ಕಥೆ ಮುಂದಕ್ಕೆ ಹೋಗಬೇಕಾದರೆ ಯಾರಾದರೂ ಏನಾದರೂ ಮಾಡಬೇಕು. ನಮ್ಮ ಬಹುಪಾಲು ಧಾರಾವಾಹಿಗಳಲ್ಲಿ ಕಥೆ ನಿಂತಿರುವುದೇ ಯಾರೂ ಏನೂ ಹೇಳದಿರುವುದರ ಮೇಲೆ. ಫೋನ್ ಕಟ್ಟಾಗುತ್ತದೆ, ಹೇಳಹೊರಟಾಗ ಯಾರೋ ಬಾಗಿಲು ತಟ್ಟುತ್ತಾರೆ, ಕೊನೆಗೆ ಆಣೆ ಹಾಕಿಸಿ ಬಾಯಿ ಮುಚ್ಚಿಸುತ್ತಾರೆ. ಹೂ ಕಟ್ಟುವ ಹೆಂಗಸು ಇದನ್ನು ಹಿಡಿದುಬಿಟ್ಟಳು. ಅವಳಿಗೆ ಸಿಟ್ಟು ಬಂದದ್ದು ಪಾತ್ರದ ಮೇಲಲ್ಲ, ಬರೆದವರ ಮೇಲೆ. ಕಥೆ ಎಳೀತಾರೆ ಎಂಬ ಇಂಥವರ ಒಂದು ಮಾತಿಗೆ ಪಂಡಿತರು ಪುಟಗಟ್ಟಲೆ ಬರೆಯಬೇಕಾಗುತ್ತದೆ.

ಅಲ್ಲೇ ಇನ್ನೂ ಎಷ್ಟೋ ಕೇಳಿಸುತ್ತದೆ. ರಾತ್ರಿ ಮಲಗುವಾಗಲೂ ರೇಷ್ಮೆ ಸೀರೆ, ಕತ್ತಿನ ತುಂಬ ಒಡವೆ. ಹನ್ನೆರಡು ಜನರ ತುಂಬು ಸಂಸಾರ, ಪಾತ್ರೆ ತೊಳೆಯುವವರು ಯಾರು ಎಂದು ಒಂದು ದಿನವೂ ತೋರಿಸಲಿಲ್ಲ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದವರ ಬಿಲ್ಲು ಕಟ್ಟಿದವರು ಯಾರು? ಆ ಗಂಡಸರಿಗೆ ಕಂಪನಿ ಇದೆಯಂತೆ, ಆಫೀಸಿಗೆ ಹೋಗುವುದು ಯಾವಾಗ? ಇವು ಸಣ್ಣ ಪ್ರಶ್ನೆಗಳಲ್ಲ. ದಿನದ ಕೂಲಿಯ ಮೇಲೆ ಬದುಕುವವರಿಗೆ ಕಥೆಯಲ್ಲಿ ದುಡಿಮೆ ಕಾಣದಿದ್ದರೆ ಆ ಮನೆಯೇ ಸುಳ್ಳೆನಿಸುತ್ತದೆ. ‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರಿನಲ್ಲಿ ಶುರುವಾದಾಗ ಅಷ್ಟು ಬೇಗ ಜನರ ಮನಸ್ಸಿಗೆ ಹತ್ತಿದ್ದಕ್ಕೆ ಉಮಾಶ್ರೀ ಅವರ ಅಭಿನಯ ಒಂದು ಕಾರಣ. ಇನ್ನೊಂದು ಕಾರಣ ಪುಟ್ಟಕ್ಕನ ಮೆಸ್ಸು. ಗಂಡ ಕೈಬಿಟ್ಟ ಹೆಂಗಸು ಒಲೆ ಮುಂದೆ ಬೆವರು ಸುರಿಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದ್ದು ಕಣ್ಣಿಗೆ ಕಾಣುತ್ತಿತ್ತು. ‘ಕನ್ನಡತಿ’ಯಲ್ಲಿ ಚಿತ್ಕಳಾ ಬಿರಾದಾರ ಮಾಡಿದ ರತ್ನಮಾಲಾ ಪಾತ್ರವನ್ನು, ಎಲ್ಲರ ಬಾಯಲ್ಲಿ ಅಮ್ಮಮ್ಮ ಆದವಳನ್ನು, ಜನ ಹಚ್ಚಿಕೊಂಡದ್ದೂ ಇದೇ ತರಹ. ವ್ಯವಹಾರ ಕಟ್ಟಿ ನಿಲ್ಲಿಸಿದ ಹಿರಿಯ ಹೆಂಗಸು, ತನ್ನ ಮನಸ್ಸಿನಂತೆ ನಡೆಯುವವಳು, ಸೊಸೆಯಾಗಿ ಬರುವವಳನ್ನು ಹಗೆಯಂತೆ ನೋಡದವಳು. ವಯಸ್ಸಾದ ಹೆಂಗಸನ್ನು ಇಷ್ಟು ಗೌರವದಿಂದ ತೋರಿಸಿದ ಪಾತ್ರ ನಮ್ಮ ಟಿವಿಯಲ್ಲಿ ಅಪರೂಪ. ಆ ಪಾತ್ರ ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ನಿಜಕ್ಕೂ ಕಣ್ಣೀರು ಹಾಕಿದರು.

ಇದೇ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಸ್ನೇಹ ಎಂಬ ಮಗಳಿದ್ದಳು. ಓದಿ ಜಿಲ್ಲಾಧಿಕಾರಿಯಾಗಬೇಕೆಂಬ ಹಂಬಲ ಹೊತ್ತವಳು. ಆ ಪಾತ್ರ ಮಾಡುತ್ತಿದ್ದ ನಟಿ 2024ರಲ್ಲಿ ಧಾರಾವಾಹಿ ಬಿಟ್ಟರು. ಕಥೆಯಲ್ಲಿ ಸ್ನೇಹ ಸತ್ತಳು. ಜನಕ್ಕೆ ತಡೆಯಲಾಗಲಿಲ್ಲ. ಕಲಾವಿದರು ಬಿಟ್ಟುಹೋದರೆ ಧಾರಾವಾಹಿಯವರಿಗೆ ಇರುವ ದಾರಿ ಕೆಲವೇ ಕೆಲವು: ಪಾತ್ರವನ್ನು ದೂರದೇಶಕ್ಕೆ ಕಳಿಸಬೇಕು, ಬೇರೆಯವರನ್ನು ಹಾಕಬೇಕು, ಇಲ್ಲವೇ ಸಾಯಿಸಬೇಕು. 2022ರಲ್ಲಿ ‘ಜೊತೆಜೊತೆಯಲಿ’ಯ ಆರ್ಯವರ್ಧನ್ ಪಾತ್ರಕ್ಕೆ ಅನಿರುದ್ಧ್ ಅವರ ಬದಲು ಹರೀಶ್ ರಾಜ್ ಬಂದಾಗ ನೋಡುಗರು ಎರಡು ಪಾಲಾದರು, ಒಪ್ಪದವರು ಬಿಟ್ಟರು, ಒಪ್ಪಿದವರು ನೋಡಿದರು. ಸ್ನೇಹಳ ವಿಷಯದಲ್ಲಿ ಜನರ ನೋವು ಬೇರೆ ಬಗೆಯದು. ಮೆಸ್ಸಿನ ಹೊಗೆಯಲ್ಲಿ ಓದಿ ಮೇಲೆ ಬರುವ ಹುಡುಗಿಯನ್ನು ನಮ್ಮ ಮಕ್ಕಳಿಗೆ ತೋರಿಸುತ್ತಿದ್ದೆವು, ಅವಳನ್ನೇ ತೆಗೆದುಬಿಟ್ಟಿರಲ್ಲ ಎಂಬುದು ಅವರ ಅಳಲು. ಮುಖ ಬದಲಾದರೂ ಪರವಾಗಿಲ್ಲ, ಅವಳನ್ನು ಉಳಿಸಿ ಎಂದವರ ಮಾತಿನಲ್ಲಿ ಕಥೆಯ ಬೆನ್ನುಮೂಳೆ ಯಾವುದು ಎಂಬ ತಿಳಿವಳಿಕೆ ಇತ್ತು.

ನಗುವೂ ಒಂದು ಅಭಿಪ್ರಾಯವೇ. ‘ಪುಟ್ಟಗೌರಿ ಮದುವೆ’ ನೆನಪಿಸಿಕೊಳ್ಳಿ. ಹಿಂದಿಯ ‘ಬಾಲಿಕಾ ವಧು’ವಿನಿಂದ ಬಂದ ಕಥೆ. ಬಾಲ್ಯವಿವಾಹ ಅದರ ವಸ್ತು. ಆಟವಾಡುವ ವಯಸ್ಸಿನ ಮಗು ಗಂಡನ ಮನೆಗೆ ಬಂದು ಅಳುವುದನ್ನು ನೋಡಿ ಉತ್ತರ ಕರ್ನಾಟಕದ ಎಷ್ಟೋ ಅಜ್ಜಿಯರು ತಮ್ಮ ಕಥೆ ಹೇಳಿಕೊಂಡಿರಬೇಕು. ವರ್ಷಗಳು ಉರುಳಿದವು. 2018ರ ಹೊತ್ತಿಗೆ ಗೌರಿ ಬೆಟ್ಟದಿಂದ ಬಿದ್ದು ಕಾಡು ಸೇರಿದ್ದಳು, ಹುಲಿ ಎದುರಾಗಿತ್ತು. ಆಗ ಊರಿಗೆ ಊರೇ ನಕ್ಕಿತು, ಮೊಬೈಲಿನಿಂದ ಮೊಬೈಲಿಗೆ ತಮಾಷೆಯ ಚಿತ್ರಗಳು ಹಾರಿದವು. ಆ ನಗುವನ್ನು ಕುಚೋದ್ಯ ಎಂದು ಬದಿಗೆ ಸರಿಸಿದವರು ಅದರ ಒಳಗಿದ್ದ ನೆನಪನ್ನು ಗಮನಿಸಲಿಲ್ಲ. ಈ ಕಥೆ ಯಾವ ಹುಡುಗಿಯ ಯಾವ ಸಂಕಟದಿಂದ ಹೊರಟಿತ್ತು ಎಂಬುದು ಜನಕ್ಕೆ ಚೆನ್ನಾಗಿ ನೆನಪಿತ್ತು. ದಾರಿ ತಪ್ಪಿದ್ದನ್ನು ಅವರು ನಕ್ಕು ತೋರಿಸಿದರು.

ಇಷ್ಟೆಲ್ಲ ಮಾತು ಇದ್ದೂ ಅದು ಬರೆಯುವವರನ್ನು ತಲುಪುವುದಿಲ್ಲವೇಕೆ? ಧಾರಾವಾಹಿಯ ಕೋಣೆಗಳಲ್ಲಿ ಕೇಳಿಸುವುದು ಒಂದೇ ಒಂದು ದನಿ: ಟಿಆರ್‌ಪಿ. ಅಂಕಿ ಹೊರಬೀಳುವ ಗುರುವಾರ ಬಂತೆಂದರೆ ವಾಹಿನಿಗಳಲ್ಲಿ ಎದೆ ಡವಡವ. ಯಾವುದನ್ನು ಎಷ್ಟು ಜನ ನೋಡಿದರು ಎಂಬ ಈ ಎಣಿಕೆಯನ್ನು 2015ರಿಂದ ಬಾರ್ಕ್ ಸಂಸ್ಥೆ ಮಾಡುತ್ತಿದೆ. ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ ಎಂದು 2020ರಲ್ಲಿ ಆ ಸಂಸ್ಥೆಯೇ ಅಂದಾಜು ಮಾಡಿತ್ತು. ನೋಡುವುದನ್ನು ಅಳೆಯುವ ಮೀಟರು ಇರುವುದು 50 ಸಾವಿರಕ್ಕೆ ಸ್ವಲ್ಪ ಹೆಚ್ಚು ಮನೆಗಳಲ್ಲಿ. ಯಾವ ಮನೆ ಎಂಬುದು ಗುಟ್ಟು. ವಾಹಿನಿಯು ತನ್ನ ಕಾರ್ಯಕ್ರಮದ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತನ್ನು ಸೇರಿಸಿರುತ್ತದೆ. ಟಿವಿ ಪಕ್ಕದ ಮೀಟರು ಅದನ್ನು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ. ನೋಡಲು ಕೂತವರು ತಮ್ಮ ಗುಂಡಿ ಒತ್ತಬೇಕು.

ಮಾದರಿ ಚಿಕ್ಕದು ಎಂದು ದೂರುವವರಿದ್ದಾರೆ. ಸರಿಯಾಗಿ ಆರಿಸಿದರೆ ಚಿಕ್ಕ ಮಾದರಿಯೂ ನಾಡಿನ ನಾಡಿ ಹೇಳುತ್ತದೆ, ಅದು ನನ್ನ ತಕರಾರಲ್ಲ. ನನ್ನ ತಕರಾರು ಇಷ್ಟೆ: ಟಿವಿ ಹಚ್ಚಿತ್ತು, ಎದುರಿಗೆ ಇಂಥವರು ಇದ್ದರು ಎಂಬುದರಿಂದಾಚೆಗೆ ಆ ಮೀಟರಿಗೆ ಏನೂ ತಿಳಿಯದು. ಮೆಚ್ಚಿ ನೋಡಿದ್ದೂ ಒಂದೇ, ಹಲ್ಲು ಕಚ್ಚಿ ನೋಡಿದ್ದೂ ಒಂದೇ. ಸೊಸೆಗೆ ವಿಷ ಹಾಕಹೊರಟ ನಾದಿನಿ ಯಾವಾಗ ಸಿಕ್ಕಿಬೀಳುತ್ತಾಳೋ ಎಂದು ಕಾದು ಕೂತವಳನ್ನು, ಆ ನಾದಿನಿಯ ಅಭಿಮಾನಿ ಎಂದು ಮೀಟರು ಬರೆದುಕೊಳ್ಳುತ್ತದೆ. ಅಂಕಿ ಏರಿತು, ಟ್ರ್ಯಾಕ್ ಓಡುತ್ತಿದೆ, ಇನ್ನೂ ಎರಡು ತಿಂಗಳು ವಿಷ ಇರಲಿ ಎಂದು ಅತ್ತ ತೀರ್ಮಾನವಾಗುತ್ತದೆ. ಜನ ಇದನ್ನೇ ಕೇಳುತ್ತಾರೆ ಎಂಬ ಮಾತು ಹುಟ್ಟುವುದು ಹೀಗೆ. ಜನ ಕೇಳಿದ್ದು ನ್ಯಾಯ. ಸಿಕ್ಕಿದ್ದು ವಿಷದ ಇನ್ನೊಂದು ಲೋಟ.

ಯಾರೂ ಕೇಳದೆ, ಯಾವ ಗುಂಡಿಯನ್ನೂ ಒತ್ತದೆ ಜನ ತಮ್ಮ ಅಭಿಪ್ರಾಯವನ್ನು ಬೀದಿಗೆ ತಂದ ಒಂದು ಸಂದರ್ಭ ನಮ್ಮ ಕಣ್ಣೆದುರೇ ನಡೆಯಿತು. 2020, ಕೊರೋನಾ ವರ್ಷ. ಜುಲೈನಲ್ಲಿ ಜೀ ಕನ್ನಡ ವಾಹಿನಿ ‘ಮಹಾನಾಯಕ’ ಎಂಬ ಹೆಸರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರರ ಬಾಳಿನ ಧಾರಾವಾಹಿಯನ್ನು ಹಿಂದಿಯಿಂದ ಡಬ್ ಮಾಡಿ ತಂದಿತು. ಡಬ್ಬಿಂಗ್ ಬೇಕೇ ಬೇಡವೇ ಎಂಬ ಹಳೆಯ ಜಗಳ ಅದರ ಸುತ್ತ ಇದ್ದೇ ಇತ್ತು. ಅಷ್ಟರಲ್ಲಿ ಹಳ್ಳಿಹಳ್ಳಿಗಳಲ್ಲಿ ಫ್ಲೆಕ್ಸ್‌ಗಳು ಎದ್ದವು. ಚಾಮರಾಜನಗರದ ಕಡೆ ನಾನು ನೋಡಿದ ಒಂದರಲ್ಲಿ ಮೇಲೆ ನೀಲಿ ಬಣ್ಣದಲ್ಲಿ ಧಾರಾವಾಹಿಯ ಹೆಸರು, ನಡುವೆ ಬಾಲಕ ಭೀಮರಾವ್ ಪಾತ್ರದ ಹುಡುಗ, ಕೆಳಗೆ ಊರಿನ ಯುವಕರ ಪಾಸ್‌ಪೋರ್ಟ್ ಅಳತೆಯ ಫೋಟೋಗಳ ಸಾಲು. ಸಿನಿಮಾ ನಟರಿಗೆ, ಚುನಾವಣೆಗೆ ನಿಂತವರಿಗೆ ಸಿಗುತ್ತಿದ್ದ ಆ ಜಾಗ ಒಂದು ಧಾರಾವಾಹಿಗೆ ಸಿಕ್ಕಿತ್ತು. ತಮ್ಮ ಕಾಸು ಹಾಕಿ ಕಟ್ಟಿಸಿದ್ದು. ಧಾರಾವಾಹಿಯನ್ನು ನಿಲ್ಲಿಸಿ ಎಂದು ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆಗಳು ಬಂದಾಗ, ಫ್ಲೆಕ್ಸ್‌ಗಳು ಇನ್ನಷ್ಟು ಹೆಚ್ಚಿದವು. ಶಾಲೆಯಲ್ಲಿ ಮೂಲೆಗೆ ಕೂರಿಸಿದ ಮಗುವನ್ನು, ನೀರು ಮುಟ್ಟಲು ಬಿಡದ ದಾಹವನ್ನು ತಮ್ಮ ನಡುಮನೆಯಲ್ಲಿ ಕಂಡವರು ಕೊಟ್ಟ ಅಭಿಪ್ರಾಯ ಅದು. ಇಷ್ಟು ಘನವಾದ ವಿಮರ್ಶೆಯನ್ನು ಕನ್ನಡದ ಯಾವ ಟಿವಿ ಕಾರ್ಯಕ್ರಮವೂ ಪಡೆದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ರಿಯಾಲಿಟಿ ಶೋಗಳ ಸ್ಪರ್ಧಿಗಳ ಮಾತಿಗೆ ಬಂದರೆ ಅಲ್ಲಿ ಅಭಿಪ್ರಾಯಕ್ಕೆ ಮತವೆಂಬ ರೂಪವಿದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ‘ಬಿಗ್ ಬ್ರದರ್’ 2013ರಲ್ಲಿ ಸುದೀಪ್ ಅವರ ನಿರೂಪಣೆಯಲ್ಲಿ ಕನ್ನಡದ ‘ಬಿಗ್ ಬಾಸ್’ ಆಯಿತು. ಮತ ಎಂದಾಕ್ಷಣ ಒಬ್ಬರಿಗೆ ಒಂದು ಎಂದು ತಿಳಿಯಬೇಡಿ. ಆಪ್‌ನಲ್ಲಿ ಒಬ್ಬರೇ ಎಷ್ಟೋ ಹಾಕಬಹುದು. ಅದಿರಲಿ. ನನಗೆ ಮುಖ್ಯವೆನಿಸುವುದು ಅಲ್ಲಿ ಸ್ಪರ್ಧಿಗಳನ್ನು ಅಳೆಯಲು ಜನ ಬಳಸುವ ಮಾತು. ‘ಮುಖವಾಡ’, ‘ನಾಟಕ’, ‘ನೇರನುಡಿ’, ‘ಮುಗ್ಧ’. ಹನ್ನೊಂದನೆಯ ಸೀಸನ್ನಿನಲ್ಲಿ ಹಾವೇರಿ ಜಿಲ್ಲೆಯ ಹಾಡುಗಾರ ಹನುಮಂತ ನಡುವಿನಲ್ಲಿ ವೈಲ್ಡ್ ಕಾರ್ಡ್ ಮೂಲಕ ಒಳಗೆ ಹೋಗಿ 2025ರ ಜನವರಿಯಲ್ಲಿ ಗೆದ್ದರು. ಕುರಿ ಕಾಯುತ್ತ ಹಾಡುತ್ತಿದ್ದವರು, ‘ಸರಿಗಮಪ’ದಿಂದ ಹೆಸರಾದವರು. ಅವರ ಬಗ್ಗೆ ಎಲ್ಲರ ಬಾಯಲ್ಲೂ ಬಂದದ್ದು ಮುಗ್ಧ ಎಂಬ ಮಾತು. ಪ್ರೀತಿಯಿಂದಲೇ ಹೇಳಿದ್ದು, ಆದರೂ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆಟದ ಮನೆಯಲ್ಲಿ ಯಾರ ಗುಂಪಿಗೂ ಸಿಗದೆ, ಯಾರನ್ನೂ ಬಿಟ್ಟುಕೊಡದೆ, ಕಡಿಮೆ ಮಾತಿನಲ್ಲಿ ತಮ್ಮ ಕೆಲಸ ಮಾಡಿಕೊಂಡು ಹೋಗುವುದು ಜಾಣತನ. ಹಳ್ಳಿಯವರು ಗೆದ್ದರೆ ಮುಗ್ಧತೆ, ಪೇಟೆಯವರು ಗೆದ್ದರೆ ಬುದ್ಧಿವಂತಿಕೆ ಎಂದು ನಾವು ಹಂಚಿಕೊಟ್ಟರೆ ಅದು ಅನ್ಯಾಯ. ಉತ್ತರ ಕರ್ನಾಟಕದ ನೋಡುಗರೊಬ್ಬರು ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದದ್ದನ್ನು ಕೇಳಿದ್ದೇನೆ: “ಅವಾ ಮುಗ್ಧ ಅಲ್ರೀ, ಎಲ್ಲಾ ತಿಳದಾಂವ. ಮಾತ್ ಕಡಿಮಿ ಆಡ್ತಾನ, ಅಷ್ಟ.” ನಿರೂಪಕರೂ ಪತ್ರಿಕೆಗಳೂ ಹೇಳದ ಮಾತನ್ನು ಅವರು ಹೇಳಿದರು.

ಇನ್ನೊಂದು ವಿಷಯವನ್ನು ಹೇಳದೆ ಹೋಗಲಾರೆ. ಪಾತ್ರದ ಮೇಲಿನ ಸಿಟ್ಟು ಪಾತ್ರ ಮಾಡಿದವರ ಮೇಲೆ ಹರಿಯುವುದಿದೆ. ಖಳನಾಯಕಿಯರ ಪಾತ್ರ ಮಾಡುವ ಎಷ್ಟೋ ನಟಿಯರು, ಜನ ಎದುರಿಗೆ ಸಿಕ್ಕಾಗ ಬೈದದ್ದನ್ನು, ಮೊಬೈಲಿಗೆ ಹೊಲಸು ಮಾತು ಕಳಿಸಿದ್ದನ್ನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬೆಳಿಗ್ಗೆ ಏಳಕ್ಕೆ ಮುಖಕ್ಕೆ ಬಣ್ಣ ಹಚ್ಚಿ ರಾತ್ರಿ ಒಂಬತ್ತರವರೆಗೆ ಬರೆದುಕೊಟ್ಟ ಸಾಲು ಹೇಳುವುದು ಅವರ ಉದ್ಯೋಗ. ಬಿಗ್ ಬಾಸ್ ಸ್ಪರ್ಧಿಯ ತಾಯಿ, ತಂಗಿಯರನ್ನೂ ಎಳೆದು ಬೈಯುವವರಿದ್ದಾರೆ. ಇದು ಅಭಿಪ್ರಾಯವಲ್ಲ, ಹಿಂಸೆ. ಪಾತ್ರದ ತಪ್ಪಿಗೆ ಉತ್ತರ ಹೇಳಬೇಕಾದವರು ಬರೆದವರು, ಬರೆಸಿದವರು, ಪ್ರಸಾರ ಮಾಡಿದವರು. ಅವರು ಎದುರಿಗೆ ಸಿಗದ ಕಾರಣ ಎದುರಿಗೆ ಸಿಕ್ಕ ಹುಡುಗಿ ಬೈಸಿಕೊಳ್ಳುತ್ತಾಳೆ.

ಆದ್ದರಿಂದ ಅವರು ಎದುರಿಗೆ ಬರಬೇಕು. ಭಾನುವಾರ ಮಹಾಸಂಚಿಕೆ ಎಂದು ಒಂದು ಗಂಟೆ, ಎರಡು ಗಂಟೆ ಹೊಂದಿಸುವ ವಾಹಿನಿಗಳಿಗೆ ವಾರಕ್ಕೆ ಅರ್ಧ ಗಂಟೆ ಕಷ್ಟವಲ್ಲ. ಅದರಲ್ಲಿ ನಟರಿಗಿಂತ ಹೆಚ್ಚಾಗಿ ಕಥೆ ಬರೆದವರು ಕೂರಲಿ, ಸಂಭಾಷಣೆ ಬರೆದವರು ಕೂರಲಿ. ಕೇಳುಗರ ಕಾಗದಗಳನ್ನು ಓದಿ ಅದಕ್ಕೆ ಉತ್ತರ ಕೊಡುವುದು ಆಕಾಶವಾಣಿಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಅಲ್ಲಿ ಹೊಗಳಿಕೆಯನ್ನೂ ಓದುತ್ತಾರೆ, ತೆಗಳಿಕೆಯನ್ನೂ ಓದುತ್ತಾರೆ. ಟಿವಿಯೂ ಅದನ್ನು ಮಾಡಬಹುದು. ಬರೆಯಲು ಬಾರದವರು ದನಿಯಲ್ಲೇ ಹೇಳಿ ಕಳಿಸಬಹುದು. ವಾರಕ್ಕೆ ಐದಾರು ಸಂಚಿಕೆ ಬರೆಯುವವರ ಕಷ್ಟ ಎಂಥದ್ದು ಎಂದು ನನಗೆ ಗೊತ್ತಿದೆ: ಮುಂದಿನ ದಿನಗಳಿಗೆ ಸಂಚಿಕೆಗಳ ಬ್ಯಾಂಕಿಂಗ್ ಇಲ್ಲ, ಸೆಟ್ಟಿನಲ್ಲಿ ಕಲಾವಿದರು ಕಾಯುತ್ತಿದ್ದಾರೆ, ಸಂಭಾಷಣೆಯ ಹಾಳೆ ಇನ್ನೂ ಬರುತ್ತಿದೆ. ಇಂಥ ಅವಸರದಲ್ಲಿ ದುಡಿಯುವವರಿಗೆ ಒಳ್ಳೆಯ ನೋಡುಗರ ಒಂದು ಮಾತು ಹೊರೆಯಾಗದು. ಬಾಯಿ ಬಿಟ್ಟು ಹೇಳೋಕೆ ಏನಂತೆ ಎಂದ ಆ ಹೆಂಗಸು ಒಂದು ತಿಂಗಳ ಕಥೆಯ ಗಂಟನ್ನು ಬಿಡಿಸಿಕೊಡುತ್ತಾಳೆ.

ವಾಹಿನಿಗಳು ಇದನ್ನು ಶುರುಮಾಡುವವರೆಗೆ ನೀವು ಕಾಯಬೇಕಾಗಿಲ್ಲ. ಒಂದು ಕಾರ್ಡು ತೆಗೆದುಕೊಳ್ಳಿ. ಧಾರಾವಾಹಿಯ ಹೆಸರು, ಸಂಚಿಕೆ ಬಂದ ದಿನ, ಪಾತ್ರ ಆಡಿದ ಮಾತು ಬರೆಯಿರಿ. ಅದು ಏಕೆ ಸರಿಕಾಣಲಿಲ್ಲ, ಅಥವಾ ಏಕೆ ಮನಸ್ಸಿಗೆ ತಟ್ಟಿತು ಎಂದು ಕೆಳಗೆ ನಾಲ್ಕು ಸಾಲು ಬರೆಯಿರಿ. ನಟಿಯ ಹೆಸರಿಗೆ ಬರೆಯಬೇಡಿ. ‘ಕಥೆಗಾರರಿಗೆ’ ಎಂದು ಬರೆದು ಆ ವಾಹಿನಿಯ ಬೆಂಗಳೂರಿನ ಕಚೇರಿಗೆ ಹಾಕಿ. ವಾರಕ್ಕೆ ನೂರು ಕಾರ್ಡು ಮೇಜಿನ ಮೇಲೆ ಬಿದ್ದರೆ ಯಾರಾದರೂ ಒಬ್ಬರು ಅದನ್ನು ಓದಲೇಬೇಕಾಗುತ್ತದೆ.